ಡೆಬಿಯನ್ 13ಕ್ಕೆ ಹೋಗುವ ಮೊದಲು: ಸ್ವಂತ ಪ್ಯಾಕೇಜ್ ಇಟ್ಟುಕೊಂಡವರಿಗಾಗಿ ಒಂದು ವಿಮರ್ಶೆ

ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 13ನೇ ಆವೃತ್ತಿ ಬಗ್ಗೆ ಬಂದಿರುವ ವಿಮರ್ಶೆಗಳಲ್ಲಿ ಹೆಚ್ಚಿನವು ಗ್ನೋಮ್ 48 ಡೆಸ್ಕ್‌ಟಾಪ್ ಚೆನ್ನಾಗಿದೆ, ಪ್ಲಾಸ್ಮಾ 6 ಡೆಸ್ಕ್‌ಟಾಪ್ ಚೆನ್ನಾಗಿದೆ, ವಾಲ್‌ಪೇಪರ್ ಮುದ್ದಾಗಿದೆ ಅನ್ನುವಲ್ಲಿಗೆ ಮುಗಿದುಹೋಗುತ್ತವೆ. ನನಗೆ ಅದರಿಂದ ಏನೂ ಉಪಯೋಗವಿಲ್ಲ. ನಾನು ನೋಡಿಕೊಳ್ಳುವುದು ಹುಬ್ಬಳ್ಳಿಯ ಒಂದು ಸಗಟು ವ್ಯಾಪಾರದ ಆಫೀಸಿನ ಸರ್ವರ್‌ಗಳನ್ನು. ಅವಕ್ಕೆ ಮಾನಿಟರೇ ಇಲ್ಲ. ಅವುಗಳಲ್ಲಿ ಡೆಬಿಯನ್ ಕೊಟ್ಟ ಪ್ಯಾಕೇಜ್‌ಗಳ (ಇನ್‌ಸ್ಟಾಲ್‌ಗೆ ಸಿದ್ಧವಾದ ಸಾಫ್ಟ್‌ವೇರ್ ಕಟ್ಟುಗಳ) ಜೊತೆಗೆ ನಾವೇ ಕಟ್ಟಿಕೊಂಡವೂ ಒಂದಷ್ಟಿವೆ: ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೆ ಒಂದು ಮಾಡ್ಯೂಲ್, ಪೈಥಾನ್‌ನಲ್ಲಿ ಬರೆದ ಬಿಲ್ಲಿಂಗ್ ಸರ್ವಿಸ್, ಲೇಬಲ್ ಪ್ರಿಂಟರ್‌ಗೆ ಹಳೇ ಸಿ ಭಾಷೆಯ ಒಂದು ಕಪ್ಸ್ (ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ) ಫಿಲ್ಟರ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಒಂದು ಎಕ್ಸ್‌ಟೆನ್ಶನ್, ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಹಾಕಿ ಮತ್ತೆ ಬಿಲ್ಡ್ ಮಾಡಿದ, ಅಂದರೆ ಸೋರ್ಸ್ ಕೋಡ್‌ನಿಂದ ಮತ್ತೆ ಕಟ್ಟಿದ, ಇನ್ನೂ ಕೆಲವು. ಹೊರಗಿನಿಂದ ನೋಡಿದರೆ ಇದು ಚಿಲ್ಲರೆ ಕೆಲಸ ಅನ್ನಿಸಬಹುದು. ಅಪ್‌ಗ್ರೇಡ್ ಬಂದಾಗ ತಲೆ ತಿನ್ನುವುದು ಇವೇ.

ಹಾಗಾಗಿ ಈ ವಿಮರ್ಶೆ ಒಂದೇ ಪ್ರಶ್ನೆಯ ಸುತ್ತ. ಸ್ವಂತ ಪ್ಯಾಕೇಜ್‌ಗಳನ್ನು ಮತ್ತೆ ಬಿಲ್ಡ್ ಮಾಡಿಕೊಂಡು ಬುಕ್‌ವರ್ಮ್‌ನಿಂದ, ಅಂದರೆ 12ರಿಂದ, ಟ್ರಿಕ್ಸಿಗೆ, ಅಂದರೆ 13ಕ್ಕೆ, ಹೋಗುವವರಿಗೆ ಡೆಬಿಯನ್ ಎಷ್ಟು ಸಹಾಯ ಮಾಡುತ್ತದೆ, ಎಲ್ಲಿ ಕೈಬಿಡುತ್ತದೆ? ಡೆಬಿಯನ್ ಕಡೆಯ ಭಾಗ ಸಲೀಸು. ನಿಮ್ಮ ಕಡೆಯ ಭಾಗಕ್ಕೂ ಒಳ್ಳೆ ಸಾಮಾನು ಕೊಟ್ಟಿದ್ದಾರೆ, ಆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಒಂದೇ ಕಡೆ ಯಾರೂ ಬರೆದಿಟ್ಟಿಲ್ಲ. ನನ್ನ ಪ್ರಕಾರ ಅನುಕ್ರಮ ಇಷ್ಟೇ: ಓಡುತ್ತಿರುವ ಒಂದೇ ಒಂದು ಮೆಷಿನ್ ಮುಟ್ಟುವ ಮುಂಚೆ, ನಿಮ್ಮ ಎಲ್ಲ ಪ್ಯಾಕೇಜ್‌ಗಳೂ ಟ್ರಿಕ್ಸಿಯ ಒಳಗೆ ಬಿಲ್ಡ್ ಆಗಿ ನಿಮ್ಮ ರೆಪೊದಲ್ಲಿ, ಅಂದರೆ ಮೆಷಿನ್‌ಗಳು ಪ್ಯಾಕೇಜ್ ತರಿಸಿಕೊಳ್ಳುವ ಉಗ್ರಾಣದಲ್ಲಿ, ಬಂದು ಕೂತಿರಬೇಕು. ಅಪ್‌ಗ್ರೇಡ್ ಮಾಡಿ ಆಮೇಲೆ ಬಿಲ್ಡ್ ಮಾಡೋಣ ಅನ್ನುವ ಪ್ಲ್ಯಾನ್ ಪ್ಲ್ಯಾನೇ ಅಲ್ಲ.

ಎಷ್ಟು ದೂರದ ಜಿಗಿತ ಅಂತ ಗೊತ್ತಿರಲಿ. ಬುಕ್‌ವರ್ಮ್ ಬಂದದ್ದು 2023ರ ಜೂನ್‌ನಲ್ಲಿ, ಟ್ರಿಕ್ಸಿ 2025ರ ಆಗಸ್ಟ್ 9ರಂದು. ಈ ಮಧ್ಯೆ ಕರ್ನಲ್ 6.1ರಿಂದ 6.12ಕ್ಕೆ, ಸಿ ಕಂಪೈಲರ್ ಜಿಸಿಸಿ 12ರಿಂದ 14ಕ್ಕೆ, ಪೈಥಾನ್ 3.11ರಿಂದ 3.13ಕ್ಕೆ, ಪಿಎಚ್‌ಪಿ 8.2ರಿಂದ 8.4ಕ್ಕೆ, ಪೋಸ್ಟ್‌ಗ್ರೆಸ್ 15ರಿಂದ 17ಕ್ಕೆ, ಓಪನ್‌ಎಸ್‌ಎಸ್‌ಎಲ್ 3.0ಯಿಂದ 3.5ಕ್ಕೆ ಹೋಗಿವೆ. ಒಟ್ಟು 69,830 ಪ್ಯಾಕೇಜ್, ಅದರಲ್ಲಿ 14,100ಕ್ಕೂ ಜಾಸ್ತಿ ಹೊಸವು. ಹಳತಾಯಿತು ಅಂತ ತೆಗೆದುಹಾಕಿದ್ದು 8,840ಕ್ಕೂ ಜಾಸ್ತಿ. ನಮ್ಮಂಥವರು ಕಣ್ಣಿಡಬೇಕಾದದ್ದು ಈ ಕೊನೆಯ ಸಂಖ್ಯೆಯ ಮೇಲೆ, ಏಕೆಂದರೆ ನಿಮ್ಮ ಪ್ಯಾಕೇಜ್ ಬಿಲ್ಡ್ ಆಗಲು ಬೇಕಾದದ್ದು ಆ ಪಟ್ಟಿಯಲ್ಲಿ ಹೋಗಿರಬಹುದು.

ರಿಲೀಸ್ ನೋಟ್ಸ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಉದ್ದ ಇದೆ, ಆದರೆ ಸುಮ್ನೆ ತುಂಬಿಸಿದ್ದಲ್ಲ. ಮೆಷಿನ್‌ನಲ್ಲಿ ಇರುವ, ಆದರೆ ಡೆಬಿಯನ್ ಮೂಲದಿಂದ ಬಾರದ ಪ್ಯಾಕೇಜ್‌ಗಳು ಯಾವುವು ಅಂತ, ಪ್ಯಾಕೇಜ್ ತಂದುಹಾಕುವ ಟೂಲ್ ಆದ ಆಪ್ಟ್‌ನನ್ನೇ ಕೇಳುವ ಒಂದು ಸಾಲಿನ ಕಮಾಂಡ್ ಅದರಲ್ಲೇ ಇದೆ. ಅದನ್ನು ಎಲ್ಲ ಸರ್ವರ್‌ನಲ್ಲೂ ಓಡಿಸಿ, ಬಂದ ಹೆಸರುಗಳನ್ನು ಒಂದು ಶೀಟ್‌ಗೆ ಹಾಕಿ, ಪ್ರತಿಯೊಂದರ ಮುಂದೆ ‘ಇದು ಯಾಕೆ ಇದೆ’ ಅಂತ ಬರೆಯಿರಿ. ಬರೆಯಲು ಕಾರಣ ಸಿಗದಿದ್ದರೆ ತೆಗೆದುಬಿಡಿ. ನಮ್ಮ ಪಟ್ಟಿಯಲ್ಲಿ ಕೆಲವಕ್ಕೆ ನಾವು ಹಾಕಿದ್ದ ಪ್ಯಾಚ್ ಮೂಲ ಸಾಫ್ಟ್‌ವೇರ್‌ಗೇ ಸೇರಿಹೋಗಿತ್ತು. ಮತ್ತೆ ಕೆಲವು, ಹಿಂದೆ ಡೆಬಿಯನ್‌ನಲ್ಲಿ ಹೊಸ ವರ್ಶನ್ ಇಲ್ಲ ಅಂತ ಕಟ್ಟಿಕೊಂಡವು. ಈಗ ಟ್ರಿಕ್ಸಿಯಲ್ಲಿರುವುದೇ ಅದಕ್ಕಿಂತ ಹೊಸದು. ಬಿಲ್ಡ್ ಮಾಡಬೇಕಾದ ಪ್ಯಾಕೇಜ್ ಕಮ್ಮಿ ಆದಷ್ಟೂ ಜೀವ ಹಗುರ.

ಇನ್ನು ಬಿಲ್ಡ್. ಪ್ಯಾಕೇಜ್ ಬಿಲ್ಡ್ ಮಾಡಿಕೊಡುವ ಎಸ್‌ಬಿಲ್ಡ್ ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಟೂಲ್. ಮೊದಲೆಲ್ಲಾ ಇದನ್ನು ಸೆಟಪ್ ಮಾಡುವುದೇ ಒಂದು ರಗಳೆ ಆಗಿತ್ತು, ಈಗ ಅನ್‌ಶೇರ್ ಮೋಡ್‌ನಲ್ಲಿ ರೂಟ್ (ಅಡ್ಮಿನ್) ಅನುಮತಿಯೂ ಬೇಕಿಲ್ಲ. ಎಂಎಂಡೆಬ್‌ಸ್ಟ್ರ್ಯಾಪ್ ಅನ್ನುವ ಟೂಲ್‌ನಿಂದ ಟ್ರಿಕ್ಸಿಯ ಒಂದು ಚಿಕ್ಕ ಚ್ರೂಟ್, ಅಂದರೆ ಮೆಷಿನ್ ಒಳಗೇ ಪ್ರತ್ಯೇಕವಾದ ಒಂದು ಪುಟ್ಟ ಸಿಸ್ಟಂ, ಮಾಡಿಕೊಂಡು, ಇನ್ನೂ ಬುಕ್‌ವರ್ಮ್‌ನಲ್ಲೇ ಇರುವ ಮೆಷಿನ್‌ನಲ್ಲಿ ಕೂತು ಟ್ರಿಕ್ಸಿಗೆ ಬೇಕಾದ ಪ್ಯಾಕೇಜ್ ಬಿಲ್ಡ್ ಮಾಡಬಹುದು. ಪ್ರತಿ ಸಲವೂ ಖಾಲಿ ವಾತಾವರಣದಿಂದ ಶುರು. ಬೇರೆಯವರ ಅಡುಗೆಮನೆಯಲ್ಲಿ ಸಾರು ಮಾಡಿದ ಹಾಗೆ: ನಿಮ್ಮನೆಯ ಡಬ್ಬಿಯಲ್ಲಿ ಯಾವತ್ತೂ ಇರುತ್ತಿದ್ದ ಇಂಗು ಅಲ್ಲಿರಲ್ಲ, ಬೇಕು ಅಂತ ಚೀಟಿಯಲ್ಲಿ ಬರೆದಿರಬೇಕು. ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗಿ ಚ್ರೂಟ್‌ನಲ್ಲಿ ಬಿದ್ದುಹೋಗುವ ಪ್ಯಾಕೇಜ್‌ಗಳಲ್ಲಿ ಎಷ್ಟೋ ಸಲ ಬಿಲ್ಡ್-ಡಿಪೆಂಡ್ಸ್ (ಬಿಲ್ಡ್‌ಗೆ ಬೇಕಾದವುಗಳ ಪಟ್ಟಿ) ಸಾಲಿನಲ್ಲಿ ಒಂದು ಹೆಸರು ಬಿಟ್ಟುಹೋಗಿರುತ್ತದೆ, ಅಷ್ಟೇ.

ಒಂದು ಎಚ್ಚರ. ಅನ್‌ಶೇರ್ ಮೋಡ್‌ನಲ್ಲಿ ಎಸ್‌ಬಿಲ್ಡ್ ಚ್ರೂಟ್ ಬಿಚ್ಚುವುದು ಟಿಎಂಪಿ ಫೋಲ್ಡರ್‌ನಲ್ಲಿ, ಅಂದರೆ ತಾತ್ಕಾಲಿಕ ಫೈಲ್‌ಗಳ ಜಾಗದಲ್ಲಿ. ಟ್ರಿಕ್ಸಿಯಲ್ಲಿ ಟಿಎಂಪಿ ಡಿಸ್ಕ್‌ನಲ್ಲಿಲ್ಲ, ರ‍್ಯಾಮ್‌ನಲ್ಲಿದೆ, ಹೆಚ್ಚೆಂದರೆ ಅರ್ಧ ರ‍್ಯಾಮ್ ತೆಗೆದುಕೊಳ್ಳುತ್ತದೆ. ಬಿಲ್ಡ್ ಮೆಷಿನ್ ಅಪ್‌ಗ್ರೇಡ್ ಮಾಡಿ ರೀಬೂಟ್ ಆದ ಮೇಲೆ ಚಿಕ್ಕ ಪ್ಯಾಕೇಜ್‌ಗಳು ಚಕಚಕ ಮುಗಿಯುತ್ತವೆ, ಖುಷಿಯಾಗುತ್ತದೆ. ದೊಡ್ಡದೊಂದನ್ನು ಹಾಕಿದಾಗ ಅರ್ಧದಲ್ಲಿ ಜಾಗ ಇಲ್ಲ ಅಂತ ನಿಲ್ಲುತ್ತದೆ. ಎಸ್‌ಬಿಲ್ಡ್ ಸೆಟ್ಟಿಂಗ್‌ನಲ್ಲಿ ಆ ಜಾಗವನ್ನು ಡಿಸ್ಕ್‌ನಲ್ಲೇ ಇರುವ ವಾರ್ ಟಿಎಂಪಿಗೆ ಬದಲಾಯಿಸಿದರೆ ಮುಗಿಯಿತು.

ಜಿಸಿಸಿ 14 ಬಗ್ಗೆ ಜಾಸ್ತಿ ಹೇಳಲೇಬೇಕು. ಹಳೇ ಸಿ ಕೋಡ್ ಇಟ್ಟುಕೊಂಡವರಿಗೆ ಈ ರಿಲೀಸ್‌ನ ಅತಿ ಕಠಿಣ ಭಾಗ ಇದು. ಇಷ್ಟು ವರ್ಷ ಬರೀ ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತಿದ್ದ ಕೆಲವು ತಪ್ಪುಗಳು ಈಗ ನೇರ ಎರರ್. ನಮ್ಮ ಲೇಬಲ್ ಪ್ರಿಂಟರ್ ಫಿಲ್ಟರನ್ನೇ ನೋಡಿ. ಪ್ರಿಂಟರ್ ಮಾರಿದವರು ಎಂದೋ ಒಂದು ಜಿಪ್ ಫೈಲ್‌ನಲ್ಲಿ ಸೋರ್ಸ್ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಅದರಲ್ಲಿ ಒಂದು ಫೈಲ್ ಮೆಮೊರಿ ಕೇಳುವ ಮ್ಯಾಲಕ್ ಫಂಕ್ಷನ್ ಬಳಸುತ್ತದೆ, ಅದನ್ನು ಘೋಷಿಸುವ ಹೆಡರ್ ಮಾತ್ರ ಸೇರಿಸಿಲ್ಲ. ಬುಕ್‌ವರ್ಮ್‌ನ ಜಿಸಿಸಿ 12 ಒಂದು ಸಾಲು ಗೊಣಗಿ ಬಿಲ್ಡ್ ಮಾಡಿಕೊಡುತ್ತಿತ್ತು. 14 ಮಾಡಲ್ಲ.

ಇದನ್ನು ಕಿರಿಕಿರಿ ಅಂತ ಬೈಯುವವರಿದ್ದಾರೆ. ನಾನು ಬೈಯಲ್ಲ. ಘೋಷಣೆ ಇಲ್ಲದ ಫಂಕ್ಷನ್ ವಾಪಸ್ ಕೊಡುವುದು ಇಂಟ್ (ಪೂರ್ಣಾಂಕ) ಅಂತ ಕಂಪೈಲರ್ ಊಹಿಸಿಕೊಳ್ಳುತ್ತಿತ್ತು. 64 ಬಿಟ್ ಮೆಷಿನ್‌ನಲ್ಲಿ ವಿಳಾಸ 64 ಬಿಟ್, ಇಂಟ್ 32 ಬಿಟ್. ಫಂಕ್ಷನ್ ಒಂದು ವಿಳಾಸ ವಾಪಸ್ ಕೊಟ್ಟರೆ ಅದರ ಮೇಲರ್ಧ ಕತ್ತರಿಸಿ ಹೋಗುತ್ತದೆ, ಪ್ರೋಗ್ರಾಂ ಯಾವತ್ತೋ ಒಂದಿನ ಕಾರಣ ಗೊತ್ತಾಗದೆ ಬೀಳುತ್ತದೆ. ಮ್ಯಾಲಕ್ ವಿಷಯದಲ್ಲಿ ಕಂಪೈಲರ್‌ಗೆ ಆ ಹೆಸರು ಮೊದಲೇ ಗೊತ್ತಿರುವುದರಿಂದ ಬಚಾವ್, ಬೇರೆ ಫಂಕ್ಷನ್‌ಗಳಿಗೆ ಆ ಅದೃಷ್ಟ ಇಲ್ಲ. ಎರರ್ ಕೊಟ್ಟು ನಿಲ್ಲಿಸುವುದೇ ಸರಿ ಅಲ್ವಾ? ಹೆಡರ್ ಸೇರಿಸುವುದು ಒಂದು ಸಾಲಿನ ಪ್ಯಾಚ್. ಕಂಪೈಲರ್ ಫ್ಲ್ಯಾಗ್ ಹಾಕಿ ಹಳೇ ನಡವಳಿಕೆಗೆ ಮರಳುವ ದಾರಿಯೂ ಇದೆ, ಅದನ್ನು ತೀರಾ ಅನಿವಾರ್ಯವಾದಾಗ ಬಳಸಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ, ಅದು ಎರರ್ ಕೂಡ ಕೊಡಲ್ಲ. ಹಳೇ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ಚಿಕ್ಕ ಚಿಕ್ಕ ಸಿ ತುಣುಕುಗಳನ್ನು ಕಂಪೈಲ್ ಮಾಡಿ ನೋಡಿ ‘ಈ ಸೌಲಭ್ಯ ಇದೆಯಾ’ ಅಂತ ತೀರ್ಮಾನಿಸುತ್ತವೆ. ಆ ತುಣುಕೇ ಹಳೇ ಶೈಲಿಯದ್ದಾದರೆ ಜಿಸಿಸಿ 14ರಲ್ಲಿ ಕಂಪೈಲ್ ಆಗಲ್ಲ. ಸ್ಕ್ರಿಪ್ಟ್ ‘ಇಲ್ಲ’ ಅಂತ ಬರೆದುಕೊಂಡು ಮುಂದೆ ಹೋಗುತ್ತದೆ. ಪ್ಯಾಕೇಜ್ ಬಿಲ್ಡ್ ಆಗುತ್ತದೆ, ಇನ್‌ಸ್ಟಾಲ್ ಕೂಡ ಆಗುತ್ತದೆ, ಒಂದು ಸೌಲಭ್ಯ ಮಾತ್ರ ಮಾಯ. ಬುಕ್‌ವರ್ಮ್ ಬಿಲ್ಡ್‌ನ ಲಾಗ್ ಮತ್ತು ಟ್ರಿಕ್ಸಿ ಬಿಲ್ಡ್‌ನ ಲಾಗ್ ಎರಡನ್ನೂ ಇಟ್ಟುಕೊಂಡು, ಕಾನ್ಫಿಗರ್ ಭಾಗವನ್ನಷ್ಟೇ ಡಿಫ್ ಮಾಡಿ (ಹೋಲಿಸಿ) ನೋಡಿ. ಬೇಜಾರಿನ ಕೆಲಸ, ಆದರೂ ಮಾಡಿ.

ಯೂನಿಟ್ ಫೈಲ್‌ಗಳ ಜಾಗವೂ ಬದಲಾಗಿದೆ. ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಯ ಸರ್ವಿಸ್ ಫೈಲ್‌ಗಳು ಮೊದಲು ಲಿಬ್ ಕೆಳಗೆ ಇದ್ದವು, ಈಗ ಯುಎಸ್‌ಆರ್ ಲಿಬ್ ಕೆಳಗೆ. ನಿಮ್ಮ ಡೆಬಿಯನ್ ಫೋಲ್ಡರ್‌ನ ಇನ್‌ಸ್ಟಾಲ್ ಫೈಲ್‌ನಲ್ಲಿ ಹಳೇ ದಾರಿಯನ್ನು ಕೈಯಾರೆ ಬರೆದಿದ್ದರೆ ‘ಅಂಥ ಫೈಲ್ ಸಿಗಲಿಲ್ಲ’ ಅಂತ ಡಿಎಚ್-ಇನ್‌ಸ್ಟಾಲ್ ನಿಂತುಬಿಡುತ್ತದೆ. ಎರಡು ನಿಮಿಷದ ರಿಪೇರಿ.

ಈಗ ವರ್ಶನ್ ನಂಬರಿನ ವಿಷಯ. ಇದರ ಬಗ್ಗೆ ಯಾರೂ ಸಾಕಷ್ಟು ಬರೆಯಲ್ಲ, ನನಗೆ ಕೇಳಿದರೆ ಅಪ್‌ಗ್ರೇಡ್ ಕೆಡುವುದು ಹೆಚ್ಚಾಗಿ ಇಲ್ಲೇ. ಬುಕ್‌ವರ್ಮ್ ಬಂದಾಗ ಅದರ ಎಂಜಿನ್‌ಎಕ್ಸ್ 1.22.1-9. ಅದಕ್ಕೆ ಪ್ಯಾಚ್ ಹಾಕಿ ‘1.22.1-9+ಲೋಕಲ್1’ ಅಂತ ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ಟ್ರಿಕ್ಸಿಯಲ್ಲಿ ಇರುವುದು 1.26.3. ಅದು ದೊಡ್ಡ ನಂಬರು, ಹಾಗಾಗಿ ಆಪ್ಟ್ ನಿಮ್ಮದನ್ನು ಎತ್ತಿ ಡೆಬಿಯನ್‌ನದ್ದನ್ನು ಇಡುತ್ತದೆ. ಒಂದು ಮಾತೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ, ಅದರ ಕೆಲಸವೇ ಅದು. ನಿಮ್ಮ ಪ್ಯಾಚ್ ಹೋಯಿತು.

ಸರಿ, 1.26.3-3 ತೆಗೆದುಕೊಂಡು ಪ್ಯಾಚ್ ಹಾಕಿ ‘+ಲೋಕಲ್1’ ಸೇರಿಸಿದಿರಿ. ಈಗ ನಿಮ್ಮದು ಮೇಲೆ. ಆಮೇಲೆ ಸೆಕ್ಯುರಿಟಿ ಅಪ್‌ಡೇಟ್ ‘1.26.3-3+ಡೆಬ್13ಯು1’ ಅಂತ ಬರುತ್ತದೆ. ಆಪ್ಟ್‌ನ ಕೆಳಗೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಎರಡನ್ನೂ ಹೋಲಿಸುತ್ತದೆ, ಪ್ಲಸ್ ಚಿಹ್ನೆ ಒಂದೇ, ಅದರ ಮುಂದೆ ಒಂದರಲ್ಲಿ ‘ಡಿ’, ಇನ್ನೊಂದರಲ್ಲಿ ‘ಎಲ್’. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಡಿ ಮೊದಲು, ಎಲ್ ಆಮೇಲೆ. ಅಂದರೆ ಡಿಪಿಕೆಜಿ ಲೆಕ್ಕದಲ್ಲಿ ನಿಮ್ಮ ಹಳೇ ಲೋಕಲ್ ಪ್ಯಾಕೇಜೇ ಹೊಸದು. ಸೆಕ್ಯುರಿಟಿ ಅಪ್‌ಡೇಟ್ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಆಪ್ಟ್ ‘ಎಲ್ಲ ಅಪ್-ಟು-ಡೇಟ್’ ಅನ್ನುತ್ತದೆ. ಲೋಕಲ್ ಬದಲು ಡೆಬ್‌ಗಿಂತ ಮುಂಚೆ ಬರುವ ಅಕ್ಷರದ ಹೆಸರಿಟ್ಟರೆ ಸೆಕ್ಯುರಿಟಿ ಅಪ್‌ಡೇಟ್ ಗೆಲ್ಲುತ್ತದೆ, ಆದರೆ ಪ್ಯಾಚ್ ಹೋಗುತ್ತದೆ. ಎರಡರಲ್ಲಿ ಯಾವುದು ನಿಮಗೆ ತಡೆದುಕೊಳ್ಳಲು ಸಾಧ್ಯ ಅಂತ ಪ್ಯಾಕೇಜ್‌ವಾರು ಮೊದಲೇ ತೀರ್ಮಾನ ಮಾಡಿ. ಲೋಕಲ್ ಗೆಲ್ಲಬೇಕು ಅಂತ ಇಟ್ಟವುಗಳಿಗೆ ಡೆಬಿಯನ್ ಸೆಕ್ಯುರಿಟಿ ಪ್ರಕಟಣೆ ನೋಡಿ ಮತ್ತೆ ಬಿಲ್ಡ್ ಮಾಡುವ ಒಬ್ಬ ಮನುಷ್ಯ ಇರಬೇಕು, ಹೆಸರು ಸಮೇತ.

ಪೂರ್ತಿ ನಮ್ಮದೇ ಆದ ಸಾಫ್ಟ್‌ವೇರ್‌ಗೆ ಟಿಲ್ಡೆ (~) ಚಿಹ್ನೆ ಒಳ್ಳೆಯದು. ‘2.4-1~ಡೆಬ್12ಯು1’, ‘2.4-1~ಡೆಬ್13ಯು1’ ಅಂತ ಎರಡು ಬಿಲ್ಡ್. ಟಿಲ್ಡೆ ಇದ್ದದ್ದು ಬರೀ 2.4-1ಕ್ಕಿಂತ ಕೆಳಗೆ, 12 ಅನ್ನುವುದು 13ಕ್ಕಿಂತ ಕೆಳಗೆ. ಅಪ್‌ಗ್ರೇಡ್ ದಿನ ತಾನಾಗೇ ಸರಿಯಾದದ್ದು ಬಂದು ಕೂರುತ್ತದೆ. ಒಂದೇ ವರ್ಶನ್ ನಂಬರಿನಲ್ಲಿ ಎರಡು ರಿಲೀಸಿಗೂ ಬಿಲ್ಡ್ ಮಾಡಿ, ರೆಪೊ ನಡೆಸುವ ಟೂಲ್ ಆದ ರೆಪ್ರೆಪ್ರೊಗೆ ಹಾಕಲು ಹೋದರೆ, ಫೈಲ್ ಹೆಸರು ಒಂದೇ, ಒಳಗಿನ ಚೆಕ್‌ಸಮ್ ಬೇರೆ ಅಂತ ಅದು ವಾಪಸ್ ತಳ್ಳುತ್ತದೆ. ರೆಪ್ರೆಪ್ರೊ ನೋಡಲು ಹಳೇ ಕಾಲದ್ದು, ದಾಖಲೆ ಓದಿದರೆ ನಿದ್ದೆ ಬರುತ್ತದೆ, ಆದರೆ ಈ ವಿಷಯದಲ್ಲಿ ಅದು ಹಠ ಮಾಡುವುದೇ ಒಳ್ಳೆಯದು.

ಎಂಜಿನ್‌ಎಕ್ಸ್ ಮಾಡ್ಯೂಲ್ ಕಟ್ಟಿಕೊಂಡವರಿಗೆ ಇನ್ನೊಂದು ಮಾತು. ಡೆಬಿಯನ್‌ನಲ್ಲಿ ಮಾಡ್ಯೂಲ್ ಪ್ಯಾಕೇಜ್‌ಗಳು ವರ್ಶನ್ ನಂಬರ್ ಸಮೇತ ಒಂದು ಎಬಿಐ (ಬೈನರಿಗಳು ಒಂದಕ್ಕೊಂದು ಹೊಂದುವ ಒಪ್ಪಂದ) ಹೆಸರಿನ ಮೇಲೆ ನಿಂತಿರುತ್ತವೆ. 1.22ಕ್ಕೆ ಕಟ್ಟಿದ ಮಾಡ್ಯೂಲ್ ರೆಪೊದಲ್ಲಿ ಹಾಗೇ ಬಿದ್ದಿದ್ದರೆ, ಫುಲ್-ಅಪ್‌ಗ್ರೇಡ್ ಹೊತ್ತಿನಲ್ಲಿ ಆಪ್ಟ್‌ಗೆ ಇರುವ ದಾರಿ ಎರಡೇ: ಮಾಡ್ಯೂಲ್ ತೆಗೆಯುವುದು, ಇಲ್ಲಾ ಎಂಜಿನ್‌ಎಕ್ಸ್‌ನನ್ನೇ ಹಳೆಯದರಲ್ಲಿ ಬಿಡುವುದು. ಮತ್ತೆ ಬಿಲ್ಡ್ ಮಾಡಿದ್ದು ರೆಪೊದಲ್ಲಿದ್ದರೆ ಈ ಪಂಚಾಯಿತಿಯೇ ಇಲ್ಲ.

32 ಬಿಟ್‌ನಲ್ಲಿ ಇಟ್ಟ ಸಮಯದ ಎಣಿಕೆ 2038ರಲ್ಲಿ ತುಂಬಿಹೋಗುವ ಸಮಸ್ಯೆಗೆ ಡೆಬಿಯನ್ ಈ ರಿಲೀಸಿನಲ್ಲಿ ಉತ್ತರ ಕೊಟ್ಟಿದೆ. ಐ386 (32 ಬಿಟ್ ಪಿಸಿ) ಬಿಟ್ಟು ಎಲ್ಲ ಕಡೆ ಸಮಯ 64 ಬಿಟ್. ಅದರಿಂದ ಎಷ್ಟೋ ಲೈಬ್ರರಿ ಪ್ಯಾಕೇಜ್‌ಗಳ ಹೆಸರಿನ ಬಾಲಕ್ಕೆ ‘ಟಿ64’ ಸೇರಿಕೊಂಡಿದೆ. 64 ಬಿಟ್ ಪಿಸಿಗಳಲ್ಲಿ ಒಳಗೆ ಏನೂ ಬದಲಾಗಿಲ್ಲ, ಹೆಸರು ಮಾತ್ರ ಬದಲು, ಹೊಸ ಪ್ಯಾಕೇಜ್ ಹಳೇ ಹೆಸರನ್ನೂ ಒದಗಿಸುತ್ತದೆ, ಹಾಗಾಗಿ ಭಯ ಬೇಡ. ಡಿಪೆಂಡೆನ್ಸಿಯನ್ನು ಕೈಯಾರೆ ಬರೆಯದೆ, ಬೇಕಾದ ಲೈಬ್ರರಿಗಳ ಹೆಸರನ್ನು ತಾನೇ ತುಂಬುವ ಶ್‌ಲಿಬ್ಸ್ ವೇರಿಯಬಲ್‌ಗೆ ಬಿಟ್ಟಿದ್ದರೆ ಮತ್ತೆ ಬಿಲ್ಡ್ ಮಾಡಿದಾಗ ಎಲ್ಲವೂ ತಾನೇ ಸರಿಹೋಗುತ್ತದೆ. 32 ಬಿಟ್ ಆರ್ಮ್ ಬೋರ್ಡ್‌ಗಳಲ್ಲಿ ಮಾತ್ರ ಬದಲಾವಣೆ ನಿಜವಾದದ್ದು, ಅಲ್ಲಿ ಹಳೇ ಬೈನರಿ ನಡೆಯುತ್ತದೆ ಅಂತ ನಂಬಬೇಡಿ.

ಪೈಥಾನ್ 3.11ರಿಂದ 3.13ಕ್ಕೆ ಹೋಗುವುದು ಅಂದರೆ ಮಧ್ಯದ 3.12ರ ಪೆಟ್ಟನ್ನೂ ಒಟ್ಟಿಗೆ ತಿನ್ನುವುದು. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಮತ್ತು ಇಂಪ್ ಅನ್ನುವ ಮಾಡ್ಯೂಲ್‌ಗಳು ಹೋದವು, 3.13ರಲ್ಲಿ ಸಿಜಿಐ, ಕ್ರಿಪ್ಟ್, ಟೆಲ್‌ನೆಟ್‌ಲಿಬ್ ಹೋದವು. ನಮ್ಮ ಬಿಲ್ಲಿಂಗ್ ಸರ್ವಿಸ್‌ನ ಒಂದು ಮೂಲೆಯಲ್ಲಿ ಸಿಜಿಐ ಮಾಡ್ಯೂಲ್ ಇತ್ತು, ಫಾರ್ಮ್ ಓದಲು. ಬಿಲ್ಡ್‌ನಲ್ಲಿ ಇದು ಸಿಕ್ಕಿಬೀಳಲ್ಲ, ಓಡಿಸಿದಾಗ ಮಾತ್ರ ಗೊತ್ತಾಗುತ್ತದೆ. ಪ್ಯಾಕೇಜಿನ ರೂಲ್ಸ್ ಫೈಲ್‌ನಲ್ಲಿ ಕೊನೆಗೆ ಎಲ್ಲ ಮಾಡ್ಯೂಲ್ ಒಂದು ಸಲ ಇಂಪೋರ್ಟ್ ಮಾಡಿ ನೋಡುವ ಪರೀಕ್ಷೆಯಾದರೂ ಇರಲಿ. ವರ್ಚುವಲ್ ಎನ್ವಿರಾನ್‌ಮೆಂಟ್‌ಗಳನ್ನು ಅಳಿಸಿ ಹೊಸದಾಗಿ ಮಾಡಿ, ರಿಪೇರಿಗೆ ಹೋಗಬೇಡಿ.

ಪೋಸ್ಟ್‌ಗ್ರೆಸ್ ವಿಷಯದಲ್ಲಿ ಡೆಬಿಯನ್ ತುಂಬಾ ಸಭ್ಯ. 17 ಬಂದ ಮಾತ್ರಕ್ಕೆ 15ನ್ನು ಕಿತ್ತುಹಾಕಲ್ಲ, ಎರಡೂ ಪಕ್ಕಪಕ್ಕ ಇರುತ್ತವೆ. ನೀವಾಗಿ ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಓಡಿಸುವವರೆಗೂ ಡೇಟಾ 15ರಲ್ಲೇ. ಸ್ವಂತ ಎಕ್ಸ್‌ಟೆನ್ಶನ್ ಇದ್ದರೆ 17ಕ್ಕೆ ಕಟ್ಟಿದ ಪ್ಯಾಕೇಜ್ ಅದಕ್ಕೂ ಮೊದಲೇ ಇನ್‌ಸ್ಟಾಲ್ ಆಗಿರಬೇಕು. ಆದರೆ ಡೇಟಾಬೇಸ್‌ನಲ್ಲಿ ಗಿರಾಕಿಗಳ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡವರು ಇದನ್ನು ಓದಿ: ಅಕ್ಷರಗಳ ವಿಂಗಡಣೆ ಕ್ರಮ ಬರುವುದು ಸಿಸ್ಟಂನ ಮೂಲ ಸಿ ಲೈಬ್ರರಿ ಜಿಲಿಬ್‌ಸಿಯಿಂದ, ಅದು 2.36ರಿಂದ 2.41ಕ್ಕೆ ಹೋಗಿದೆ. ಡೇಟಾಬೇಸ್ ಇನ್ನೂ 15ರಲ್ಲೇ ಇದ್ದರೂ ಕೆಳಗಿನ ಜಿಲಿಬ್‌ಸಿ ಬದಲಾಗಿರುತ್ತದೆ. ಕೊಲೇಷನ್ (ವಿಂಗಡಣೆ ಕ್ರಮ) ವರ್ಶನ್ ಹೊಂದುತ್ತಿಲ್ಲ ಅಂತ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ. ಅದನ್ನು ಕಡೆಗಣಿಸಿದರೆ, ಗಿರಾಕಿಯ ಹೆಸರು ಟೇಬಲ್‌ನಲ್ಲಿ ಇರುತ್ತದೆ, ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗದೇ ಹೋಗಬಹುದು. ಟೆಕ್ಸ್ಟ್ ಕಾಲಂಗಳ ಇಂಡೆಕ್ಸ್ ಮತ್ತೆ ಕಟ್ಟಿ, ಆಮೇಲೆ ಕೊಲೇಷನ್ ವರ್ಶನ್ ರಿಫ್ರೆಶ್ ಮಾಡಿ. ಈ ಎರಡರ ಅನುಕ್ರಮ ತಿರುಗಿಸಬೇಡಿ. ಮೊದಲೇ ರಿಫ್ರೆಶ್ ಮಾಡಿದರೆ ಎಚ್ಚರಿಕೆ ನಿಲ್ಲುತ್ತದೆ, ತೊಂದರೆ ಉಳಿಯುತ್ತದೆ.

ಇಷ್ಟೆಲ್ಲ ರೆಪೊದಲ್ಲಿ ಸೇರಿದ ಮೇಲೆ ಲೈವ್ ಸರ್ವರ್‌ನ ಒಂದು ನಕಲನ್ನು ವಿಎಂನಲ್ಲಿ (ವರ್ಚುವಲ್ ಮೆಷಿನ್‌ನಲ್ಲಿ) ಎಬ್ಬಿಸಿ, ಅದರ ಮೇಲೆ ಪೂರ್ತಿ ಅಪ್‌ಗ್ರೇಡ್ ಓಡಿಸಿ. ನೋಡಬೇಕಾದದ್ದು ಏನೇನು ಬರುತ್ತದೆ ಅಂತಲ್ಲ, ಏನೇನು ತೆಗೆದುಹಾಕುತ್ತೇನೆ ಅನ್ನುತ್ತದೆ ಅಂತ. ಆಪ್ಟ್ 3ರಲ್ಲಿ ಈ ಪಟ್ಟಿ ಕೆಂಪು ಬಣ್ಣದಲ್ಲಿ, ಕಾಲಂ ಮಾಡಿ, ಕೊನೆಯಲ್ಲಿ ಬರುತ್ತದೆ, ಬಹಳ ಅಚ್ಚುಕಟ್ಟು. ತಮಾಷೆ ಏನೆಂದರೆ ಅಪ್‌ಗ್ರೇಡ್ ಶುರುಮಾಡುವುದು ಬುಕ್‌ವರ್ಮ್‌ನ ಹಳೇ ಆಪ್ಟ್, ಹಾಗಾಗಿ ಅದರ ಅಗತ್ಯ ಹೆಚ್ಚಿದ್ದಾಗ ಆ ಬಣ್ಣ ಇರಲ್ಲ. ಪೈಯುಪಾರ್ಟ್ಸ್ ಅನ್ನುವ ಟೂಲ್ ನಿಮ್ಮ ಪ್ಯಾಕೇಜನ್ನು ಬುಕ್‌ವರ್ಮ್‌ನಲ್ಲಿ ಹಾಕಿ ಟ್ರಿಕ್ಸಿಗೆ ಏರಿಸಿ ಆಮೇಲೆ ತೆಗೆದು ನೋಡುತ್ತದೆ, ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳ ಕೊಳಕು ಎಲ್ಲ ಅಲ್ಲೇ ಹೊರಬರುತ್ತದೆ.

ಆ ದಿನದ ಮಟ್ಟಿಗೆ ಸಣ್ಣಪುಟ್ಟವು: ಬೂಟ್ ಪಾರ್ಟಿಷನ್ ಒಟ್ಟು 768 ಎಂಬಿ, ಅದರಲ್ಲಿ 300 ಎಂಬಿ ಖಾಲಿ ಇರಲಿ ಅನ್ನುತ್ತವೆ ರಿಲೀಸ್ ನೋಟ್ಸ್, ಹಳೇ ಇನ್‌ಸ್ಟಾಲ್‌ಗಳಲ್ಲಿ ಅಷ್ಟಿರಲ್ಲ. ಎಸ್‌ಎಸ್‌ಎಚ್‌ನಲ್ಲಿ ದೂರದಿಂದ ಮಾಡುವವರು ಮೊದಲು ಬುಕ್‌ವರ್ಮ್‌ನ ಇತ್ತೀಚಿನ ಪಾಯಿಂಟ್ ರಿಲೀಸ್‌ಗೆ ಬನ್ನಿ, ಇಲ್ಲದಿದ್ದರೆ ಮಧ್ಯದಲ್ಲಿ ನಿಂತಾಗ ಒಳಗೆ ಹೋಗಲಾಗದೆ ಸಿಕ್ಕಿಬೀಳಬಹುದು. ಕರ್ನಲ್ ಸೆಟ್ಟಿಂಗ್‌ಗಳ ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಫೈಲನ್ನು ಸಿಸ್ಟಂಡಿ ಇನ್ನು ಓದಲ್ಲ, ಅದರಲ್ಲಿದ್ದದ್ದನ್ನು ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರ್‌ಗೆ ಸರಿಸಿ. ಮೇಲ್ ಸರ್ವರ್ ಡವ್‌ಕಾಟ್ ಇದ್ದವರು 2.4ರ ಕಾನ್ಫಿಗ್ ಪೂರ್ತಿ ಹೊಸದು ಅಂತ ತಿಳಿದು ಅದಕ್ಕೇ ಪ್ರತ್ಯೇಕ ದಿನ ಇಡಿ.

ಹೊರಗಿನ ಕಂಪನಿಗಳ ರೆಪೊ ಬಗ್ಗೆ ನನಗೆ ಸಿಟ್ಟಿದೆ. ಟ್ರಿಕ್ಸಿಯಲ್ಲಿ ಆಪ್ಟ್ ಸಹಿಗಳನ್ನು ಪರೀಕ್ಷಿಸುವುದು ಸಿಕ್ವೋಯಾದ ಟೂಲ್‌ನಿಂದ, ಅದು 2026ರ ಫೆಬ್ರವರಿ 1ರಿಂದ ಶಾ1 ಅನ್ನುವ ದುರ್ಬಲ ಪದ್ಧತಿಯ ಸಹಿ ಇರುವ ಹಳೇ ಕೀಗಳನ್ನು ಒಪ್ಪಲ್ಲ. ನಾವು ದುಡ್ಡು ಕೊಟ್ಟು ಬಳಸುವ ಒಂದು ಬ್ಯಾಕಪ್ ಸಾಫ್ಟ್‌ವೇರ್‌ನವರ ಕೀ ಅಂಥದ್ದೇ. ಕೇಳಿದರೆ ‘ಪರೀಕ್ಷೆಯನ್ನು ಆಫ್ ಮಾಡಿಕೊಳ್ಳಿ’ ಅನ್ನುವ ಉತ್ತರ. ಬ್ಯಾಕಪ್ ಮಾರುವವರ ಬಾಯಲ್ಲಿ ಬರಬೇಕಾದ ಮಾತಾ ಇದು?

ಬೇರೆಯವಕ್ಕೆ ಹೋಲಿಸಿದರೆ? ಉಬುಂಟುವಿನ ಅಪ್‌ಗ್ರೇಡರ್ ಹೊರಗಿನ ರೆಪೊಗಳನ್ನು ತಾನೇ ನಿಲ್ಲಿಸಿ ಮುಂದೆ ಹೋಗುತ್ತದೆ, ನಿಮ್ಮ ಪ್ಯಾಕೇಜ್‌ಗಳನ್ನು ಆಮೇಲೆ ನೀವೇ ನೋಡಿಕೊಳ್ಳಬೇಕು. ರೆಡ್ ಹ್ಯಾಟ್‌ನ ಅಪ್‌ಗ್ರೇಡ್ ಟೂಲ್ ಲೀಪ್ ಮೊದಲೇ ಪರೀಕ್ಷಿಸಿ ದೊಡ್ಡ ವರದಿ ಕೊಡುತ್ತದೆ, ಆದರೆ ರೆಡ್ ಹ್ಯಾಟ್ ಸಹಿ ಇಲ್ಲದ ಪ್ಯಾಕೇಜ್‌ಗಳನ್ನು ಮುಟ್ಟಲ್ಲ. ಡೆಬಿಯನ್ ನಿಮ್ಮ ರೆಪೊವನ್ನು ತನ್ನದರ ಪಕ್ಕದಲ್ಲೇ ಕೂರಿಸಿಕೊಂಡು ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಬಿಡಿಸುತ್ತದೆ. ನೀವು ಮನೆಕೆಲಸ ಮಾಡಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಮಾಡಿಲ್ಲದಿದ್ದರೆ ಉಬುಂಟುವಿನ ದಾರಿ ಕಡಿಮೆ ನೋವಿನದ್ದು.

ಅವಸರ ಇದೆಯಾ ಅಂದರೆ, ಬುಕ್‌ವರ್ಮ್‌ನ ಮಾಮೂಲಿ ಸೆಕ್ಯುರಿಟಿ ಬೆಂಬಲ 2026ರ ಜೂನ್‌ವರೆಗೆ, ಆಮೇಲೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) 2028ರ ಜೂನ್ 30ರವರೆಗೆ. ಟ್ರಿಕ್ಸಿಗೆ 2030ರವರೆಗೂ ಇದೆ. ರಿಲೀಸ್ ಹಾರಿ ನೇರ 14ಕ್ಕೆ ಹೋಗುತ್ತೇನೆ ಅನ್ನುವಂತಿಲ್ಲ, ಒಂದೊಂದೇ ಮೆಟ್ಟಿಲು. ನಮ್ಮಲ್ಲಿ ಉಳಿದಿರುವುದು ಗೋದಾಮಿನಲ್ಲಿ ತೂಕದ ಯಂತ್ರಕ್ಕೆ ಜೋಡಿಸಿರುವ ಒಂದು 32 ಬಿಟ್ ಪಿಸಿ. ಟ್ರಿಕ್ಸಿಯಲ್ಲಿ ಐ386ಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಅದನ್ನು ಎಲ್‌ಟಿಎಸ್ ಮೇಲೆ ಇಟ್ಟು, ಅದಕ್ಕೆ ಬೇಕಾದ ನಮ್ಮ ಪ್ಯಾಕೇಜನ್ನು ಬುಕ್‌ವರ್ಮ್ ಚ್ರೂಟ್‌ನಲ್ಲೇ ಬಿಲ್ಡ್ ಮಾಡುತ್ತಾ ಇದ್ದೇವೆ. ಹೊಸ ಪಿಸಿಗೆ ಕೊಟೇಶನ್ ಹಾಕಿದ್ದೇನೆ, ಸಾಹೇಬರು ಇನ್ನೂ ನೋಡಿಲ್ಲ.